ಕಿರ್ದಿಯಲ್ಲಿಲ್ಲದ ಗೂಗಿ

ಅಕ್ಟೋಬರ್ 12, 2025, ಭಾನುವಾರ
ರಾಮತೀರ್ಥ ನಗರ, ಬೆಳಗಾವಿ

ಕ್ಯಾಂಪ್‌ಬೆಲ್ ಬೇಯಿಂದ ತಮ್ಮನ ಮಗ ಒಂದು ಧ್ವನಿಮುದ್ರಣ ಕಳಿಸಿದ್ದಾನೆ. ಮಾತಿಲ್ಲ. ಮಳೆ ನಿಂತ ಮೇಲೆ ಎಲೆಯಿಂದ ಎಲೆಗೆ ಬೀಳುವ ಹನಿ, ಜೀರುಂಡೆಗಳ ಗದ್ದಲ, ಅದರ ನಡುವೆ ಒಂದೇ ಸ್ವರದ ‘ಊಂ’. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ, ಕೊನೆಯಲ್ಲಿ ಒಂಚೂರು ಮೇಲೇರಿದ ಹಾಗೆ. ಕೆಳಗೆ ಬರೆದಿದ್ದಾನೆ: ‘ಅತ್ತಿ, ಇದ್ಯಾವ ಗೂಗಿ ಹೇಳು. ಇಲ್ಲಿ ಯಾರಿಗೂ ಗೊತ್ತಿಲ್ಲ.’

ಖಾನಾಪುರ ಕಡೆಯ ಹುಡುಗರಿಗೆ ಸೈನ್ಯ ಅಂದರೆ ಮರಾಠಾ ಲೈಟ್ ಇನ್‌ಫೆಂಟ್ರಿ. ಅದರ ಕೇಂದ್ರ ಬೆಳಗಾವಿಯಲ್ಲೇ ಇದೆ. ಇವನೊಬ್ಬ ನೌಕಾದಳ ಹಿಡಿದು ದೇಶದ ತುತ್ತತುದಿಗೆ ಹೋಗಿ ಕೂತ. ಗ್ರೇಟ್ ನಿಕೋಬಾರಿನ ಐಎನ್‌ಎಸ್ ಬಾಜ್ 2012ರಲ್ಲಿ ಶುರುವಾದ ನೆಲೆ. ಅಲ್ಲಿಂದ ಪೋರ್ಟ್ ಬ್ಲೇರಿಗಿಂತ ಸುಮಾತ್ರಾವೇ ಹತ್ತಿರ. ‘ಎರಡು ವಾರಕ್ಕೊಮ್ಮೆ ಬದನೆಕಾಯಿ ಕಂಡರೆ ಹಬ್ಬ’ ಎಂದು ಹಿಂದೊಮ್ಮೆ ಗೋಳಾಡಿದ್ದ. ಈಗ ಗೂಗಿಯ ವಿಚಾರ ಕೇಳುತ್ತಿದ್ದಾನೆ ಅಂದರೆ ಹೊಂದಿಕೊಂಡಿದ್ದಾನೆ ಎಂದೇ ಲೆಕ್ಕ.

ಅಕ್ಟೋಬರ್ 14, ಮಂಗಳವಾರ

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಪರಿಚಯದವರಿಗೆ ಕೇಳಿಸಿದೆ. ಕಿವಿಗೆ ಯಂತ್ರ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತರು. ‘ನಿಕೋಬಾರ್ ಸ್ಕಾಪ್ಸ್ ಗೂಬೆ ಇರಬಹುದು, ಓಟಸ್ ಅಲಿಯಸ್. ಆದರ ಈ ಜೀರುಂಡಿ ಸಂತಿಯೊಳಗ ನಾ ಸಹಿ ಹಾಕೂದಿಲ್ಲ’ ಎಂದರು. ಸಹಿ ಹಾಕದವರ ಮೇಲೆ ನನಗೆ ಮೊದಲಿನಿಂದಲೂ ಗೌರವ. ಮೂವತ್ತು ವರ್ಷ ಲೆಕ್ಕ ತಪಾಸಣೆಯಲ್ಲೇ ಕಳೆದವಳಲ್ಲವೇ.

ಅವರು ಹೇಳಿದ ಕಥೆ ಮಾತ್ರ ನನಗಾಗಿಯೇ ಇತ್ತು. ಗ್ರೇಟ್ ನಿಕೋಬಾರಿನಲ್ಲಿ 1966ರಲ್ಲಿ ಒಂದು, 1977ರಲ್ಲಿ ಇನ್ನೊಂದು ಪುಟ್ಟ ಗೂಬೆಯನ್ನು ಹುಮಾಯೂನ್ ಅಬ್ದುಲಾಲಿ ಸಂಗ್ರಹಿಸಿದರು. ಎರಡೂ ಕ್ಯಾಂಪ್‌ಬೆಲ್ ಬೇಯವೇ. ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಪಾಟಿನಲ್ಲಿ ಅವು ಬೇರೆ ಗೂಬೆಯ ಹೆಸರಿನ ಚೀಟಿ ಕಟ್ಟಿಕೊಂಡು ಮಲಗಿದ್ದವು. ಪಮೇಲಾ ರಾಸ್ಮುಸೆನ್ ಎಂಬ ಅಮೆರಿಕದ ಹಕ್ಕಿಶಾಸ್ತ್ರಜ್ಞೆ ಅವನ್ನು ಹೊರತೆಗೆದು ಅಳೆದು, ಗರಿಯ ಪಟ್ಟೆ ನೋಡಿ, ಇದು ಬೇರೆಯದೇ ಜಾತಿ ಎಂದು 1998ರಲ್ಲಿ ಪ್ರಕಟಿಸಿದರು. ಅಂದರೆ ಆ ಹಕ್ಕಿ ದಾಸ್ತಾನಿನಲ್ಲಿತ್ತು, ಕಿರ್ದಿಯಲ್ಲಿರಲಿಲ್ಲ. ಉಗ್ರಾಣದ ಭೌತಿಕ ತಪಾಸಣೆಗೆ ಹೋದಾಗ ಇಂಥದ್ದು ಎಷ್ಟು ನೋಡಿಲ್ಲ ನಾನು! ಪಟ್ಟಿಯಲ್ಲಿ ‘ಕಬ್ಬಿಣದ ಕುರ್ಚಿ’, ಒಳಗೆ ನೋಡಿದರೆ ಬೀಟೆಯದು.

ಸತ್ತ ಆ ಎರಡರ ಹೊಟ್ಟೆಯಲ್ಲಿ ಸಿಕ್ಕಿದ್ದು ಜೇಡ, ಜೀರುಂಡೆ, ಒಂದು ಹಲ್ಲಿ. ಬಹಳ ಕಾಲ ಅದರ ಊಟದ ಬಗ್ಗೆ ಲೋಕಕ್ಕೆ ಗೊತ್ತಿದ್ದದ್ದು ಇಷ್ಟೇ.

ಅಕ್ಟೋಬರ್ 17, ಶುಕ್ರವಾರ

ರಾಸ್ಮುಸೆನ್ ಬೆನ್ನು ಹತ್ತಿದ್ದೇನೆ. ಈಕೆ ನನ್ನ ಇಲಾಖೆಗೆ ಬಂದಿದ್ದರೆ ಎಷ್ಟು ಜನ ಮನೆಗೆ ಹೋಗುತ್ತಿದ್ದರೋ.

ಮಧ್ಯ ಭಾರತದ ಕಾಡುಗೂಬೆಯೊಂದಿದೆ, ಇಂಗ್ಲಿಷಿನವರು ಫಾರೆಸ್ಟ್ ಔಲೆಟ್ ಅನ್ನುತ್ತಾರೆ. ಹ್ಯೂಮ್ ಎಂಬ ಹಕ್ಕಿಶಾಸ್ತ್ರಜ್ಞ ಅದನ್ನು 1873ರಲ್ಲಿ ವರ್ಣಿಸಿದ. ಬೆರಳೆಣಿಕೆಯ ಮಾದರಿಗಳು ಸಿಕ್ಕವು, ಕೊನೆಯದು 1884ರಲ್ಲಿ, ಆಮೇಲೆ ಸದ್ದಿಲ್ಲ. ನಡುವೆ ಕರ್ನಲ್ ಮೈನರ್ಟ್ಸ್‌ಹಾಗನ್ ಎಂಬಾತ ತಾನು 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಒಂದನ್ನು ಹೊಡೆದೆ ಎಂದು ಚೀಟಿ ಬರೆದಿಟ್ಟ. ಆ ಚೀಟಿ ನಂಬಿ ಜನ ದಶಕಗಟ್ಟಲೆ ತಪ್ಪು ಕಾಡು ಹುಡುಕಿದರು. ರಾಸ್ಮುಸೆನ್ ಮತ್ತು ನೈಜೆಲ್ ಕಾಲರ್ ಕೂತು ನೋಡಿದಾಗ ಅದು ಲಂಡನ್ ಸಂಗ್ರಹಾಲಯದಿಂದ ಕದ್ದು, ಬಿಚ್ಚಿ, ಮತ್ತೆ ಹೊಲಿದು, ಹೊಸ ಚೀಟಿ ಕಟ್ಟಿದ ಹಳೆಯ ಹಕ್ಕಿ. ನಾವು ಇದಕ್ಕೆ ಸುಳ್ಳು ವೋಚರ್ ಅನ್ನುತ್ತಿದ್ದೆವು. ಸುಳ್ಳನ್ನು ಬದಿಗಿಟ್ಟು, ನಿಜವಾದ ಚೀಟಿಗಳ ಜಾಡು ಹಿಡಿದು ಹೊರಟ ರಾಸ್ಮುಸೆನ್, ಬೆನ್ ಕಿಂಗ್, ಡೇವಿಡ್ ಅಬಟ್ ಮೂವರಿಗೂ 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ ಹಗಲು ಬೆಳಕಿನಲ್ಲೇ ಅದು ಕಂಡಿತು. 113 ವರ್ಷಗಳ ನಂತರ.

ಕದ್ದ ಹಕ್ಕಿಯನ್ನು ಮೂಲದಲ್ಲಿ ಖಾನದೇಶದಲ್ಲಿ ಹಿಡಿದದ್ದು ಜೇಮ್ಸ್ ಡೇವಿಡ್‌ಸನ್. ಆತ ಆಮೇಲೆ ನಮ್ಮ ಕಾರವಾರ ಸೀಮೆಗೆ ಕಲೆಕ್ಟರಾಗಿ ಬಂದು ಉತ್ತರ ಕನ್ನಡದ ಹಕ್ಕಿಗಳ ಮೇಲೂ ಬರೆದವನು. ಬೆಳಗಾವಿಯಲ್ಲಿ ದಂಡಿನೊಂದಿಗಿದ್ದ ಬಟ್ಲರ್ ಎಂಬ ಕ್ಯಾಪ್ಟನ್ 1881ರಲ್ಲೇ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿ ಮಾಡಿದ್ದಾನೆ, ಹ್ಯೂಮ್ ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ. ನಮ್ಮ ಕ್ಯಾಂಪ್ ಪ್ರದೇಶದ ಮರಗಳಲ್ಲಿ ಗೂಡು ಹುಡುಕುತ್ತ ತಿರುಗಿದ ಆ ದಂಡಿನ ಸಾಹೇಬನ ಬುಟ್ಟಿ ಹಿಡಿದು, ಮರ ಹತ್ತಿ ಮೊಟ್ಟೆ ಇಳಿಸಿದವರು ಯಾರು ಎಂಬುದೇ ನನ್ನ ಕುತೂಹಲ. ಅವರ ಹೆಸರಿಗೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಅಕ್ಟೋಬರ್ 21, ಮಂಗಳವಾರ. ಅಮಾವಾಸ್ಯೆ

ಅಂಗಡಿಗಳಲ್ಲಿ ಲಕ್ಷ್ಮೀಪೂಜೆ. ಮೂರನೇ ಅಡ್ಡರಸ್ತೆಯ ಅರ್ಧಕ್ಕೆ ನಿಂತ ಕಟ್ಟಡದ ಮೇಲೆ ಕಣಜ ಗೂಬೆ ಬಂದು ಕೂತಿತ್ತು, ಬಿಳಿ ಮುಖ ಈ ಕಡೆ ಮಾಡಿ. ಎದುರು ಮನೆಯವರು ಹೊರಗೆ ಬಂದು, ‘ಬಾಯಾರ, ಹಬ್ಬದ ದಿನಾ ಗೂಗಿ ಕೂತೈತಿ, ಒಂದ ಪಟಾಕಿ ಒಗೀಲೇನು?’ ಎಂದರು. ‘ಲಕ್ಷ್ಮಿ ಅದರ ಮ್ಯಾಲೇ ಕೂತ ಬರತಾಳ್ರಿ, ಓಡಿಸಿದ್ರ ತಿರಗಿ ಹೋದಾಳು’ ಎಂದೆ. ಪಟಾಕಿ ಕಿಸೆಗೆ ಹೋಯಿತು. ನಾನು ನಂಬದ ಮಾತನ್ನು ಹೇಳಿ ಹಕ್ಕಿ ಉಳಿಸುವುದು ಸರಿಯೇ ಎಂಬ ಚರ್ಚೆ ಯಜಮಾನರದ್ದು. ಹೋಳಿಗೆ ತಣ್ಣಗಾಗುತ್ತದೆ ಎಂದು ಒಳಗೆ ಬಂದೆ.

ಲಕ್ಷ್ಮಿಯ ವಾಹನವಾದದ್ದರಿಂದಲೇ ಅದಕ್ಕೆ ಈ ಅಮಾವಾಸ್ಯೆ ಕಂಟಕ. ಮಾಟ ಮಾಡುವವರಿಗೆ ಉಗುರು ಬೇಕು, ಕಣ್ಣು ಬೇಕು, ಜೀವಂತ ಹಕ್ಕಿಯೂ ಬೇಕು. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಪರವಾಗಿ ಅಬ್ರಾರ್ ಅಹ್ಮದ್ 2010ರಲ್ಲಿ ಸಿದ್ಧಪಡಿಸಿದ ವರದಿಯ ಪ್ರಕಾರ ದೇಶದ 30 ಜಾತಿಯ ಗೂಬೆಗಳಲ್ಲಿ 15 ಈ ವ್ಯಾಪಾರದಲ್ಲಿ ಸಿಕ್ಕಿವೆ. 1972ರ ವನ್ಯಜೀವಿ ಕಾಯ್ದೆಯಡಿ ಹಿಡಿಯುವುದೂ ಮಾರುವುದೂ ಅಪರಾಧ. ಸಂತೆಯಲ್ಲಿ ಕಾಯ್ದೆ ಓದುವವರು ಯಾರು.

ಅಕ್ಟೋಬರ್ 23, ಗುರುವಾರ

ನಿನ್ನೆ ಪಾಡ್ಯ, ಸಗಣಿಯ ಪಾಂಡವರನ್ನು ಇಟ್ಟದ್ದಾಯಿತು. ಇವತ್ತು ಬೆಳಿಗ್ಗೆ ಆ ಕಟ್ಟಡದ ಕೆಳಗೆ ಹೋಗಿ ಗೂಬೆ ಉಗುಳಿದ ಉಂಡೆಗಳನ್ನು ಹೆಕ್ಕಿ ತಂದೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಕರಗದ ಕೂದಲು, ಎಲುಬು ಹೊಟ್ಟೆಯಲ್ಲಿ ಉಂಡೆಯಾಗಿ ಬಾಯಿಂದಲೇ ಹೊರಬರುತ್ತವೆ. ಹಳೆಯ ಪತ್ರಿಕೆ ಹಾಸಿ, ನೀರು ಚಿಮುಕಿಸಿ, ಸೂಜಿಯಿಂದ ಬಿಡಿಸಿದೆ. ಇಲಿಯ ತಲೆಬುರುಡೆಗಳು, ಹಳದಿ ಬಾಚಿಹಲ್ಲು, ಒಂದು ಚೂಪು ಮೂತಿಯ ಸುಂಡಿಲಿಯದು. ಪಕ್ಕದ ಮನೆಯ ಹುಡುಗಿ ಶಾಲೆಗೆ ತೋರಿಸುತ್ತೇನೆ ಎಂದು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋದಳು. ಅವಳ ಅಮ್ಮ ಸಂಜೆ ನನ್ನನ್ನು ನೋಡಿದ ನೋಟ ಬೇರೆಯೇ ಇತ್ತು.

ಕಣಜ ಗೂಬೆಯ ಕಿವಿಗಳೆರಡೂ ಒಂದೇ ಎತ್ತರದಲ್ಲಿರುವುದಿಲ್ಲ. ಒಂದು ಮೇಲೆ, ಒಂದು ಕೆಳಗೆ. ಸದ್ದು ಎರಡಕ್ಕೂ ಮುಟ್ಟುವ ಕ್ಷಣದ ಅಂತರ, ಅದರ ಜೋರಿನ ಅಂತರ ಎರಡನ್ನೂ ಹಿಡಿದು ಇಲಿ ಎಲ್ಲಿದೆ ಎಂದು ಕತ್ತಲಲ್ಲಿ ಲೆಕ್ಕ ಹಾಕುತ್ತದೆ. ಕಣಜ ಗೂಬೆಗೆ ಊರಾದರೂ ಆದೀತು, ಹೊಲವಾದರೂ ಆದೀತು, ಅರ್ಧ ಕಟ್ಟಿದ ಮನೆಯಾದರೂ ಆದೀತು. ಹುಡುಗ ಕಳಿಸಿದ ‘ಊಂ’ಗೆ ಆ ಸೌಲಭ್ಯವಿಲ್ಲ.

ಅಕ್ಟೋಬರ್ 27, ಸೋಮವಾರ

ಗ್ರೇಟ್ ನಿಕೋಬಾರ್ ಯೋಜನೆಯ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಗಲಾಥಿಯಾ ಕೊಲ್ಲಿಯಲ್ಲಿ ಹಡಗು ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಪಟ್ಟಣ. ಮಂಜೂರಾತಿಯ ಹೊತ್ತಿಗೆ ಹೇಳಿದ ವೆಚ್ಚ 72,000 ಕೋಟಿ ರೂಪಾಯಿ. ಒಟ್ಟು 166 ಚದರ ಕಿಲೋಮೀಟರ್, ಅದರಲ್ಲಿ ಕಾಡು 130.75. ಪರಿಸರ ಅನುಮತಿ 2022ರ ನವೆಂಬರ್. ಕಡಿಯುವ ಮರಗಳು ಮೊದಲು ಸುಮಾರು 8.5 ಲಕ್ಷ ಎಂದಿತ್ತು, ಮುಂದಿನ ವರ್ಷ ಸಂಸತ್ತಿನಲ್ಲಿ 9.64 ಲಕ್ಷ ಎಂದಾಯಿತು. ಕಡಲಾಮೆಗಳು ಮೊಟ್ಟೆಯಿಡುವ ಆ ಕೊಲ್ಲಿಯ ಅಭಯಾರಣ್ಯದ ಅಧಿಸೂಚನೆಯನ್ನು 2021ರ ಜನವರಿಯಲ್ಲೇ ರದ್ದು ಮಾಡಿಯಾಗಿತ್ತು.

ಇಷ್ಟು ಖರ್ಚಿನ ಬದಿ. ಜಮೆಯ ಬದಿಯಲ್ಲೇನಿದೆ ಎಂದು ನೋಡಿದರೆ, ಪರಿಹಾರ ಅರಣ್ಯೀಕರಣ. ಎಲ್ಲಿ? ಹರಿಯಾಣದಲ್ಲಿ. ಎರಡು ಸಲ ಓದಿದೆ. ಸಮುದ್ರದ ನಡುವಿನ ಮಳೆಕಾಡಿಗೆ ಬದಲಾಗಿ ಉತ್ತರದ ಒಣನೆಲದಲ್ಲಿ ಸಸಿ.

ಅಂಕಗಣಿತದಲ್ಲಿ ತಪ್ಪಿಲ್ಲ. ಕಾಗದದ ಮೇಲೆ ಸರಿಹೊಂದುತ್ತದೆ, ಕೆಳಗೆ ಗೆರೆ ಎಳೆಯಬಹುದು. ಇಂಥ ಸರಿಹೊಂದಿದ ಲೆಕ್ಕಗಳನ್ನೇ ನಾವು ಹೆಚ್ಚು ಅನುಮಾನದಿಂದ ನೋಡುತ್ತಿದ್ದೆವು. ಒಂದು ಬಾವಿಯ ದುರಸ್ತಿಗೆ ಬಂದ ಹಣವನ್ನು ಇನ್ನೊಂದು ತಾಲ್ಲೂಕಿನ ರಸ್ತೆಗೆ ಬರೆದರೆ ಒಟ್ಟು ಮೊತ್ತ ಕೂಡುತ್ತದೆ, ಬಾವಿಯಲ್ಲಿ ನೀರು ಬರುವುದಿಲ್ಲ. ಲೋಕದಲ್ಲಿ ನಿಕೋಬಾರಿನಲ್ಲಿ ಮಾತ್ರ ಗುರುತಾದ ಹಕ್ಕಿಗೆ ಹರಿಯಾಣದ ಸಸಿಯಿಂದ ಏನು ಸಿಗಬೇಕು? 1998ರ ತನಕ ಹೆಸರೇ ಇಲ್ಲದೆ ಬದುಕಿತು, ಸರಿ. ಹಾಗೆ ಹೆಸರಿಲ್ಲದೆ ಆ ಕಾಡಿನಲ್ಲಿ ಇನ್ನೂ ಏನೇನಿದೆಯೋ ಅವುಗಳನ್ನು ಯಾವ ಬದಿಗೂ ಯಾರೂ ಬರೆದಿಲ್ಲ. ಕಿರ್ದಿಯಲ್ಲಿ ಹತ್ತದ್ದು ಹೋದರೆ ನಷ್ಟವೂ ತೋರುವುದಿಲ್ಲ.

ಹುಡುಗನಿಗೆ ಇದನ್ನೆಲ್ಲ ಬರೆಯಬಾರದು. ಅವನ ನೌಕರಿ ಅಲ್ಲಿ. ಕೇಳಿದ್ದು ಗೂಗಿಯ ಹೆಸರು.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಚೆನ್ನಮ್ಮ ವೃತ್ತದ ಕಡೆ ಹೋಗುವ ಹಾಗಿಲ್ಲ. ರಾತ್ರಿಯೆಲ್ಲ ಡಿಜೆ, ಕಟ್ಟಡದ ಗೂಬೆ ಬರಲಿಲ್ಲ.

ನವೆಂಬರ್ 4, ಮಂಗಳವಾರ
ಜಾಂಬೋಟಿ ಹತ್ತಿರ

ಯಜಮಾನರ ಚಿಕ್ಕಪ್ಪನ ಮನೆಗೆ ಬಂದೆವು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಗೋವಾ ಹೆದ್ದಾರಿಯ ಎರಡೂ ಬದಿ ಹಿಂದೆ ಮರಗಳು ಕೈ ಕೈ ಹಿಡಿದು ನಿಂತಿದ್ದವು, ಅಗಲ ಮಾಡುವಾಗ ಹೋದವು. ಆ ಮರಗಳ ಪೊಟರೆಯಲ್ಲಿ ಹಾಲಕ್ಕಿ ಎಂಬ ಪುಟ್ಟ ಗೂಬೆಗಳು ಇರುತ್ತಿದ್ದವು. ನಾವು ಹುಡುಗರಿದ್ದಾಗ ನಸುಕಿನಲ್ಲಿ ಲಾಟೀನು ಹಿಡಿದು ‘ಹಾಲಕ್ಕಿ ನುಡಿದೈತಿ’ ಎಂದು ಬರುತ್ತಿದ್ದವನಿಗೆ ಅಜ್ಜಿ ಮೊರದಲ್ಲಿ ಜೋಳ ಹಾಕುತ್ತಿದ್ದಳು. ಮರಾಠಿ ಮನೆಗಳಲ್ಲಿ ಅವನೇ ಪಿಂಗಳಾ. ಅವನು ಎಲ್ಲ ಮನೆಗೂ ಒಳ್ಳೆಯದನ್ನೇ ನುಡಿಯುತ್ತಿದ್ದ, ಅದಕ್ಕೇ ಜೋಳ.

ಸಂಜೆ ಗವಳಿ ಅಜ್ಜ ಹಾಲು ಕೊಡಲು ಬಂದ. ಗವಳಿ ಧನಗರರು ಎಮ್ಮೆ ಕಟ್ಟಿಕೊಂಡು ತಲೆಮಾರುಗಳಿಂದ ಈ ಘಟ್ಟದ ಅಂಚಿನಲ್ಲೇ ಇರುವವರು. ಕನ್ನಡ, ಮರಾಠಿ, ಕೊಂಕಣಿ ಮೂರೂ ಅವರ ನಾಲಗೆಯಲ್ಲಿ ಒಟ್ಟಿಗೇ ಓಡುತ್ತವೆ. ಫೋನಿನಲ್ಲಿದ್ದ ‘ಊಂ’ ಕೇಳಿಸಿದೆ. ತಲೆ ಅಲ್ಲಾಡಿಸಿದ.

‘ಇದು ನಮ್ಮದಲ್ಲ.’

ನಿಮ್ಮವು ಯಾವುವು ಎಂದೆ. ಕೂತು ಒಂದೊಂದಾಗಿ ತೆಗೆದ. ಹೊಳೆ ದಂಡೆಯದು, ಮೀನು ಏಡಿ ತಿನ್ನೋದು, ಮುದುಕರ ಹಾಗೆ ಗೊಣಗುತ್ತದೆ. ದಟ್ಟ ಕಾಡಿನದು, ಮೈಯೆಲ್ಲ ಕಂದು ಪಟ್ಟೆ, ಕಣ್ಣು ಕಪ್ಪು. ಅದು ಕರೆದರೆ ಜೋಡಿ ಉತ್ತರ ಕೊಡುತ್ತದೆ. ಸಂಜೆ ‘ಊ-ಊಕ್, ಊ-ಊಕ್’ ಎಂದು ಬಿಡದೆ ಹೇಳುವುದು ಚಿಕ್ಕದು. ಇನ್ನೊಂದಿದೆ, ಕಿವಿ ಉದ್ದ, ಬಹಳ ದೊಡ್ಡದು, ವರ್ಷಕ್ಕೊಂದೆರಡು ಸಲ ಮಾತ್ರ. ‘ಹೆಣಮಗಳು ಬಾವ್ಯಾಗ ಬಿದ್ದಂಗ ಚೀರತೈತಿ. ನಮ್ಮಪ್ಪ ಅದನ್ನ ಕೇಳಿದ್ರ ಎರಡ ದಿನಾ ಎಮ್ಮಿ ಬಿಡತಿರಲಿಲ್ಲ.’

ಮೀನುಗೂಬೆ, ಕಂದು ಕಾಡುಗೂಬೆ, ಕಂದು ಗಿಡುಗಗೂಬೆ ಎಂದು ಮನಸ್ಸಿನಲ್ಲೇ ಹೆಸರು ಹೊಂದಿಸಿಕೊಂಡೆ. ಅಜ್ಜ ಕೊನೆಗೆ ಹೇಳಿದ್ದು ಹೊಟ್ಟೆಯ ಮೇಲೆ ಹೃದಯದಾಕಾರದ ಚುಕ್ಕೆಗಳಿರುವ ದೊಡ್ಡ ಕಾಡುಗೂಬೆಯೇ ಇರಬೇಕು. ಶ್ರೀಲಂಕಾದವರು ‘ಉಲಮಾ’ ಎಂದು ಹೆದರುವ ದೆವ್ವದ ಹಕ್ಕಿ ಇದೇ ಎಂದು ಬಹಳ ಜನ ತಿಳಿಯುತ್ತಾರೆ. ಅಜ್ಜ ಒಂದನ್ನೂ ಪುಸ್ತಕದಲ್ಲಿ ನೋಡಿಲ್ಲ. ನಾನು ಚಿತ್ರ ತೋರಿಸಿದರೆ, ‘ಇದರ ಕಣ್ಣ ತಪ್ಪ ಬರದಾರ’ ಎಂದ.

ನವೆಂಬರ್ 5, ಬುಧವಾರ. ಕಾರ್ತಿಕ ಹುಣ್ಣಿಮೆ

ರಾತ್ರಿ ಅಂಗಳದಲ್ಲಿ ಕೂತೆವು. ಭೀಮಗಡ ಅಭಯಾರಣ್ಯದೊಳಗೆ ಕತ್ತಲಾದ ಮೇಲೆ ಬಿಡುವುದಿಲ್ಲ, ಬಿಡಬಾರದು ಕೂಡ, ಕಾಡುಕೋಣ, ಕರಡಿ ಇರುತ್ತವೆ. ಅಜ್ಜ ಹೇಳಿದ ಚಿಕ್ಕದು ಕತ್ತಲಾಗುತ್ತಲೇ ಶುರು ಮಾಡಿ, ನಮ್ಮ ಊಟ ಮುಗಿದರೂ ನಿಲ್ಲಿಸಲಿಲ್ಲ. ದೂರದಲ್ಲಿ ಕಂದು ಕಾಡುಗೂಬೆ ಒಮ್ಮೆ ಕರೆದು ಸುಮ್ಮನಾಯಿತು. ಉತ್ತರ ಬರಲಿಲ್ಲ. ಚಿಕ್ಕಪ್ಪ ಕಣಕುಂಬಿಯ ಕಳಸಾ ನಾಲೆಯ ಕಥೆ ತೆಗೆದರು. ಮಹದಾಯಿ ನೀರಿನ ಜಗಳಕ್ಕೆ ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟರೂ ಜಗಳ ಮುಗಿದಿಲ್ಲ. ಹುಬ್ಬಳ್ಳಿಯ ನೆಂಟರಿಗೆ ನೀರು ಬೇಕು, ಇಲ್ಲಿಯವರಿಗೆ ಹೊಳೆ ಬತ್ತೀತೆಂಬ ಭಯ. ಎರಡೂ ಮನೆಯಲ್ಲಿ ಊಟ ಮಾಡುವ ನನಗೆ ಬಾಯಿ ಬಿಡಲು ಜಾಗವಿಲ್ಲ.

ನವೆಂಬರ್ 8, ಶನಿವಾರ
ರಾಮತೀರ್ಥ ನಗರ

ಆಫ್ರಿಕಾದ ಪಶ್ಚಿಮಕ್ಕೆ ಪ್ರಿನ್ಸಿಪೆ ಎಂಬ ಪುಟ್ಟ ದ್ವೀಪ. ಅಲ್ಲಿಯ ಗಿಳಿ ಹಿಡಿಯುವವರು ಬಹಳ ಕಾಲದಿಂದ ಹೇಳುತ್ತಿದ್ದರಂತೆ, ಕಾಡಿನೊಳಗೆ ಒಂದು ಗೂಬೆ ಇದೆ ಎಂದು. ಕೇಳಿದವರು ಕಡಿಮೆ. 2016ರಲ್ಲಿ ಹಕ್ಕಿ ಸಿಕ್ಕಿತು, 2022ರಲ್ಲಿ ಓಟಸ್ ಬಿಕೆಗಿಲಾ ಎಂಬ ಹೆಸರಿನಲ್ಲಿ ಶಾಸ್ತ್ರಕ್ಕೆ ಸೇರಿತು. ಬಿಕೆಗಿಲಾ ಎಂಬುದು ಆ ಗೂಬೆಯ ಸುಳಿವು ಕೊಟ್ಟ, ಮೊದಲು ಗಿಳಿ ಹಿಡಿಯುತ್ತಿದ್ದು ಆಮೇಲೆ ಉದ್ಯಾನದ ಕಾವಲುಗಾರನಾದವನ ಅಡ್ಡಹೆಸರು. ಇಡೀ ಲೋಕದಲ್ಲಿ ಅದಕ್ಕಿರುವ ಜಾಗ ಸುಮಾರು 15 ಚದರ ಕಿಲೋಮೀಟರ್ ಕಾಡು. ನಮ್ಮ ಭೀಮಗಡ ಅಭಯಾರಣ್ಯವೇ 190 ಚದರ ಕಿಲೋಮೀಟರ್.

ದ್ವೀಪದ ಗೂಬೆಗಳ ಸರದಿಯೇ ಹೀಗೆ. ಸೇಶೆಲ್ಸ್‌ನದು ಅಳಿದೇ ಹೋಯಿತೆಂದು ಕೈಬಿಟ್ಟಿದ್ದಾಗ 1959ರಲ್ಲಿ ಮಾಹೆ ದ್ವೀಪದ ಬೆಟ್ಟದ ಕಾಡಿನಲ್ಲಿ ಮತ್ತೆ ಸಿಕ್ಕಿತು. ಕೊಮೊರೊಸ್‌ನ ಆಂಜುವಾನ್ ದ್ವೀಪದ್ದು ನೂರು ವರ್ಷಕ್ಕೂ ಮೇಲೆ ಮರೆಯಾಗಿದ್ದು 1992ರಲ್ಲಿ ಸಿಕ್ಕಿತು. ಪಕ್ಕದ ಮೊಹೆಲಿಯದಕ್ಕೆ ಹೆಸರು ಬಂದದ್ದು 1998ರಲ್ಲಿ, ನಿಕೋಬಾರಿನದಕ್ಕೆ ಬಂದ ವರ್ಷವೇ. ಹಿಂದೂ ಮಹಾಸಾಗರದ ಈ ಪುಟ್ಟ ಗೂಬೆಗಳಲ್ಲಿ ಹೆಚ್ಚಿನವುಗಳ ಮೂಲಪುರುಷರು ಏಷ್ಯಾದ ಕಡೆಯಿಂದ ಹಾರಿ ಹೋದವರು ಎಂದು ವಂಶವಾಹಿ ನೋಡಿದವರು ಹೇಳುತ್ತಾರೆ. ಬಿರುಗಾಳಿಗೆ ಸಿಕ್ಕಿ ಹೋದವೋ, ದಾರಿ ತಪ್ಪಿದವೋ. ತಲುಪಿದಲ್ಲಿ ಮರವಿತ್ತು, ಹಲ್ಲಿಯಿತ್ತು, ಉಳಿದವು.

ನವೆಂಬರ್ 12, ಬುಧವಾರ

‘ನಮ್ಮಲ್ಲಿ ಮಾತ್ರ’ ಅನ್ನುವ ಜೀವ ಖಾನಾಪುರಕ್ಕೂ ಇತ್ತು. ಭೀಮಗಡದ ಬಾರಾಪೇಡೆ ಗುಹೆಯ ಬಾವಲಿ, ರಾಟನ್ ಬಾವಲಿ ಎಂದು ಹೆಸರು. ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ವರ್ಣಿಸಿದ. ಅಲ್ಲಿಂದ ಹೆಚ್ಚುಕಡಿಮೆ ತೊಂಬತ್ತು ವರ್ಷ ಲೋಕದಲ್ಲಿ ಅದಕ್ಕೆ ಇದೊಂದೇ ವಿಳಾಸ. ಆಮೇಲೆ ಕಾಂಬೋಡಿಯಾದಲ್ಲಿ, ಮೇಘಾಲಯದಲ್ಲಿ ಸಿಕ್ಕಿತು. ಅಪರೂಪದ ಆ ಒಂದು ವಿಳಾಸದ ಬಲದಿಂದಲೂ ಈ ಕಾಡಿನ ಪರ ವಾದಿಸಿದವರು ಗಟ್ಟಿಯಾಗಿ ನಿಂತರು. 2011ರ ಡಿಸೆಂಬರ್‌ನಲ್ಲಿ ಭೀಮಗಡ ಅಭಯಾರಣ್ಯವಾಯಿತು. ಪಟ್ಟಿಯಲ್ಲಿ ಹೆಸರಿದ್ದದ್ದು ಒಂದು ಬಾವಲಿಯದು. ಉಳಿದದ್ದು ಮೀನುಗೂಬೆಯೂ, ಕಪ್ಪೆಬಾಯಿ ಹಕ್ಕಿಯೂ, ಬಾವಿಗೆ ಬಿದ್ದವಳಂತೆ ಚೀರುವುದೂ. ಆ ಕಾಡಿನೊಳಗಿನ ತಳೇವಾಡಿಯಂಥ ಊರಿನವರು ಈಗ ಪರಿಹಾರ ಹಿಡಿದು ಹೊರಗೆ ಬರುತ್ತಿದ್ದಾರೆ. ಆಸ್ಪತ್ರೆಗೆ ದಾರಿಯಿಲ್ಲದ ಊರಲ್ಲಿ ಇರಿ ಎಂದು ನಾನು ಹೇಳಲಾರೆ. ಆದರೆ ಅವರು ಹೊರಗೆ ಬಂದಾಗ ರಾತ್ರಿಯ ಕಿವಿಗಳೂ ಹೊರಗೆ ಬರುತ್ತವೆ. ಆ ಕಿವಿಯಲ್ಲಿದ್ದುದನ್ನು ಬರೆದುಕೊಂಡವರು ಇದ್ದರೆ ನನಗೆ ತೋರಿಸಿ.

ನವೆಂಬರ್ 16, ಭಾನುವಾರ

ಹೊಸ ರಿಜಿಸ್ಟರ್ ತಂದೆ, ಗಟ್ಟಿ ರಟ್ಟಿನದು. ಗೆರೆ ಎಳೆದೆ: ದಿನಾಂಕ, ಜಾಗ, ಹೊತ್ತು, ಕೇಳಿದ್ದು ಏನು, ಕೇಳಿದವರು ಯಾರು, ಷರಾ. ಮೊದಲ ಸಾಲಿನಲ್ಲಿ ಹುಡುಗನ ‘ಊಂ’. ಷರಾದಲ್ಲಿ, ‘ಓಟಸ್ ಅಲಿಯಸ್ ಇರಬಹುದು, ದೃಢಪಟ್ಟಿಲ್ಲ’. ಅವನಿಗೂ ಅದನ್ನೇ ಕಳಿಸಿ, ಜೀರುಂಡೆ ಕಡಿಮೆ ಇರುವ ಹೊತ್ತಿನಲ್ಲಿ ಇನ್ನೊಮ್ಮೆ ಹಿಡಿ ಎಂದೆ. ‘ಆರ್ಡರ್ ಏನು?’ ಎಂದು ನಗುವಿನ ಚಿತ್ರ ಹಾಕಿದ.

ಜಾಂಬೋಟಿ ಕಡೆಯ ಸಾಲುಗಳಿಗೆ ಅಜ್ಜನ ಪೂರ್ಣ ಹೆಸರು ಬೇಕಿತ್ತು. ಚಿಕ್ಕಪ್ಪನ ಫೋನಿನಲ್ಲಿ ಅವನನ್ನು ಹಿಡಿದೆ. ಬಿಕೆಗಿಲಾನ ಕಥೆಯನ್ನೂ ಹೇಳಿದೆ: ಒಂದು ಹಕ್ಕಿಗೆ ಗಿಳಿ ಹಿಡಿಯುವವನ ಹೆಸರು ಬಂತು ನೋಡು ಎಂದು. ಪೂರ್ತಿ ಕೇಳಿಸಿಕೊಂಡ.

‘ನನ್ನ ಹೆಸರ ಮಾತ್ರ ಬ್ಯಾಡ್ರಿ ಬಾಯಾರ. ನಾಳೆ ಫಾರೆಸ್ಟಿನವರು ಓದಿ, ರಾತ್ರಿ ಹನ್ನೆರಡಕ್ಕ ಅಲ್ಲೇನ ಮಾಡತಿದ್ದಿ ಅಂತ ಕೇಳಿದ್ರ ನೀವ ಬರತೀರೇನು?’

ಷರಾದಲ್ಲಿ ಬರೆದದ್ದು: ‘ಎಮ್ಮೆ ಹುಡುಕಲು ಹೋಗಿದ್ದರು.’ ಹೆಸರಿನ ಕಾಲಂನಲ್ಲಿ ಸದ್ಯಕ್ಕೆ ‘ಗವಳಿ, ವಯಸ್ಸು ಎಪ್ಪತ್ತರ ಮೇಲೆ’ ಎಂದಿದೆ. ಅದರ ಕೆಳಗಿನ ಸಾಲಿನಲ್ಲಿ ನನ್ನದು, ಚಿಕ್ಕ ಗೂಬೆ ಒಂದಕ್ಕೆ.